ಷಾಯೆನ್ ಗಾಳಿಪಟ ಯಾವಾಗಲೂ ಎಡಕ್ಕೇ ಗೋತಾ ಹೊಡೀತಿದೆ, ಸೂತ್ರ ಬದಲಿಸಿದರೂ ಸರಿಹೋಗ್ತಿಲ್ಲ

ಪಟದಹುಚ್ಚು:
ಎಲ್ಲರಿಗೂ ನಮಸ್ಕಾರ. ಬೀಜಿಂಗ್‌ನ ಷಾಯೆನ್ ಗಾಳಿಪಟ ಕಟ್ಟಿದ್ದೇನೆ. ಕವಲುಬಾಲದ ಅಂಬರಗುಬ್ಬಿ ಆಕಾರದ್ದು, ದಪ್ಪ ಮಾದರಿ, ರೆಕ್ಕೆ ತುದಿಯಿಂದ ತುದಿಗೆ 90 ಸೆಂ.ಮೀ. ಐದು ಕಡ್ಡಿಯೂ ಹೆಬ್ಬಿದಿರಿನವು: ತಲೆಯಿಂದ ಬಾಗಿ ಮೈಗೆ ಇಳಿಯುವುದು ಒಂದು, ರೆಕ್ಕೆಗೆ ಎರಡು, ಬಾಲಕ್ಕೆ ಎರಡು. ತೆಳು ಕಾಗದ, ಮೈದಾ ಅಂಟು. ಪಟವನ್ನು ಹಾರಿಸುವ ದಾರಕ್ಕೆ ಸೇರಿಸುವ ಸೂತ್ರ ಮೂರೆಳೆ, ಮೇಲೆರಡು ಕೆಳಗೊಂದು.

ಸಣ್ಣ ಗಾಳಿಗೆ ಚೆನ್ನಾಗೇ ಏರುತ್ತೆ. ಗಾಳಿ ಜೋರಾದ್ರೆ ಎಡಕ್ಕೆ ವಾಲಿ, ಒಂದು ಸುತ್ತು ಹಾಕಿ, ನೇರ ನೆಲಕ್ಕೆ. ಬಲಕ್ಕೆ ಒಂದು ಸಲವೂ ಬಿದ್ದಿಲ್ಲ. ಸೂತ್ರದ ಗಂಟು ಮೇಲೆ ಸರಿಸಿದೆ, ಕೆಳಗೆ ಸರಿಸಿದೆ, ಏನೂ ಉಪಯೋಗವಿಲ್ಲ. ಬಾಲಂಗೋಚಿ ಕಟ್ಟಿದ್ರೆ ನಿಲ್ಲುತ್ತೆ, ಆದ್ರೆ ಷಾಯೆನ್‌ಗೆ ಬಾಲಂಗೋಚಿ ನೋಡೋಕೇ ಬೇಜಾರು.

ಮೈದಾನ_ಮಂಜ:
ಬೇಜಾರಾದ್ರೂ ಕಟ್ಟಿ ಗುರು, ಉದ್ದ ಇದ್ದಷ್ಟೂ ಒಳ್ಳೇದು. ನಾವು ಆಷಾಢದಲ್ಲಿ ಹಾಗೇ ಮಾಡೋದು. ಅಂದಹಾಗೆ ಚೀನಾ ಪಟಕ್ಕೆ ಚೀನಾ ಮಾಂಜಾನೇ ಹಾಕಿದೀರಾ?

ಬಿದಿರುಸೀಳು:
ಮಾಂಜಾ ಮಾತು ಮೊದಲು ಮುಗಿಸಿಬಿಡ್ತೀನಿ. ನೈಲಾನ್ ದಾರಕ್ಕೆ ನಮ್ಮಲ್ಲಿ ಆ ಹೆಸರು ಅಂಟಿಕೊಂಡಿದೆ ಅಷ್ಟೇ, ಷಾಯೆನ್‌ಗೂ ಅದಕ್ಕೂ ಸಂಬಂಧ ಇಲ್ಲ. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಷಾಯೆನ್ ಇರೋದು ಪೇಚ್ ಹಾಕಿ ಬೇರೆಯವರ ದಾರ ಕತ್ತರಿಸೋಕಲ್ಲ, ಗಟ್ಟಿಯಾದ ಹತ್ತಿ ದಾರ ಸಾಕು.

ಬಾಲಂಗೋಚಿ ನಮ್ಮ ಚಪ್ಪಟೆ ಪಟಕ್ಕೆ ಸರಿ. ಚೀನಾದಲ್ಲೂ ಹಲಗೆಯಂಥ ಚಪ್ಪಟೆ ಪಟಗಳಿಗೆ ಬಾಲ ಕಟ್ಟುತ್ತಾರೆ. ಷಾಯೆನ್ ಬೇರೆ ಜಾತಿ, ಅಲ್ಲಿನವರು ಗಟ್ಟಿ ರೆಕ್ಕೆ ಅನ್ನುವ ಗುಂಪಿನದು. ರೆಕ್ಕೆಯ ಮೇಲಂಚು ಕೆಳಂಚು ಎರಡಕ್ಕೂ ಕಡ್ಡಿ, ಎರಡೂ ತುದಿಯಲ್ಲಿ ಕೂಡುತ್ತವೆ. (ಚಿಟ್ಟೆ, ಹದ್ದಿನಂಥ ಮೆದು ರೆಕ್ಕೆಯ ಪಟಗಳಲ್ಲಿ ಮೇಲಂಚಿಗೆ ಮಾತ್ರ ಕಡ್ಡಿ, ಕೆಳಂಚು ಬಿಡುವಾಗಿರುತ್ತೆ.) ತುದಿ ಹಿಂದಕ್ಕೆ ಬಾಗಿರೋದರಿಂದ ಕಾಗದ ಅಲ್ಲಿ ಜೋಳಿಗೆಯ ಹಾಗೆ ಸಡಿಲವಾಗಿ ನಿಂತು, ಹೆಚ್ಚಾದ ಗಾಳಿಯನ್ನು ಪಕ್ಕಕ್ಕೆ ಚೆಲ್ಲುತ್ತೆ. ಬಾಲಂಗೋಚಿಯ ಕೆಲಸ ಇಲ್ಲಿ ಆ ಎರಡು ತುದಿಗಳದ್ದು. ಒಂದು ಹೆಚ್ಚು ಚೆಲ್ಲಿ ಇನ್ನೊಂದು ಕಡಿಮೆ ಚೆಲ್ಲಿದರೆ ಪಟ ವಾಲದೆ ಏನು ಮಾಡೀತು?

ಪಟದಹುಚ್ಚು ಅವರೇ, ಯಾವಾಗಲೂ ಎಡಕ್ಕೆ, ಅದೂ ಜೋರು ಗಾಳಿಗೆ ಮಾತ್ರ ಅಂತೀರಿ. ತೂಕದಲ್ಲಿ ಹೆಚ್ಚುಕಡಿಮೆ ಇದ್ದಿದ್ದರೆ ಸಣ್ಣ ಗಾಳಿಯಲ್ಲೇ ಗೊತ್ತಾಗ್ತಿತ್ತು. ನನ್ನ ಅನುಮಾನ ಎಡಗಡೆ ಕಡ್ಡಿ ಮೆತ್ತಗಿದೆ ಅಂತ. ಗಾಳಿ ಒತ್ತಿದಾಗ ಆ ರೆಕ್ಕೆ ಜಾಸ್ತಿ ಹಿಂದಕ್ಕೆ ಬಾಗುತ್ತೆ, ಎತ್ತುವ ಬಲ ಕಳಕೊಳ್ಳುತ್ತೆ, ಪಟ ಆ ಕಡೆಗೇ ಉರುಳುತ್ತೆ.

ಹಾರಿಸದೇ ಪರೀಕ್ಷೆ ಮಾಡಬಹುದು. ಚಿತ್ರ ಮೇಲಾಗಿ, ಮೈಭಾಗ ಮಾತ್ರ ಪುಸ್ತಕದ ರಾಶಿಯ ಮೇಲೆ ಕೂರುವ ಹಾಗೆ ಇಟ್ಟು, ಮೇಲೊಂದು ಪುಸ್ತಕ ಹೇರಿ. ರೆಕ್ಕೆಗಳು ಮೇಜಿಗೆ ತಾಗಬಾರದು. ಎರಡು ತುದಿಗೂ ಒಂದೇ ಥರದ ಬಟ್ಟೆ ಕ್ಲಿಪ್ ಹಾಕಿ, ಹಾಕುವ ಮುಂಚೆ ಮತ್ತು ಆಮೇಲೆ ಮೇಜಿನಿಂದ ತುದಿ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. ಹಾರುವಾಗ ಎಡಕ್ಕೆ ಕಾಣುವ ತುದಿಗೆ ಈಗಲೇ ಕೆಂಪು ದಾರ ಕಟ್ಟಿ. ಪಟ ಬೋರಲು ಹಾಕಿ ಕೆಲಸಕ್ಕೆ ಕೂತರೆ ಎಡಬಲ ಅದಲುಬದಲಾಗಿ, ಸರಿ ಇರುವ ಕಡ್ಡಿಯನ್ನೇ ಕೆರೆದುಬಿಡ್ತೀವಿ. ಸೂತ್ರದ ಮೇಲಿನ ಎರಡೆಳೆ ಸಮ ಇವೆಯಾ ಅಂತಲೂ ನೋಡಿಬಿಡಿ, ಅದೊಂದು ಇಂಥದ್ದೇ ಆಟ ಆಡಿಸುತ್ತೆ.

ಪಟದಹುಚ್ಚು:
ಸೂತ್ರದೆಳೆ ಸಮ ಇವೆ. ಕ್ಲಿಪ್ ಹಾಕಿದಾಗ ಬಲತುದಿ 11 ಮಿ.ಮೀ. ಇಳಿಯಿತು, ಎಡತುದಿ 19! ಕಡ್ಡಿ ಬೆಳಕಿಗೆ ಹಿಡಿದು ನೋಡಿದ್ರೆ ಮೇಲಂಚಿನದರಲ್ಲಿ ಬಲರೆಕ್ಕೆಯ ನಡುವೆ ಒಂದು ಗಿಣ್ಣು ಇದೆ, ಎಡರೆಕ್ಕೆಯಲ್ಲಿ ಗಿಣ್ಣೇ ಇಲ್ಲ. ಮೇದಾರರ ಹತ್ತಿರ ಸೀಳಿಸಿಕೊಂಡು ಬಂದ ದಬ್ಬೆ ಇದು. ಎಲ್ಲಾ ಬಿಚ್ಚಬೇಕಾ?

ಬಿದಿರುಸೀಳು:
ಬಿಚ್ಚಬೇಡಿ. ಬಲಗಡೆಯ ಅಂಚಿನ ಕಾಗದವನ್ನಷ್ಟೇ ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ, ಮೈದಾ ಅಂಟು ಬೇಗ ಬಿಡುತ್ತೆ. ಕಡ್ಡಿಯನ್ನು ಒಳಮೈ ಕಡೆಯಿಂದ, ಅಂದರೆ ತಿರುಳಿನ ಕಡೆಯಿಂದ ಕೆರೆಯಿರಿ. ಹಸಿರು ಸಿಪ್ಪೆಯ ಕಡೆ ಬ್ಲೇಡ್ ತಾಗಿಸಬೇಡಿ. ಬಿದಿರಿನ ನಾರು ಒತ್ತಾಗಿರೋದು ಆ ಹೊರಮೈಯಲ್ಲೇ, ಅದು ಹೋದರೆ ಕಡ್ಡಿಯ ಜೀವ ಹೋಯ್ತು. ಗಿಣ್ಣಿನಿಂದ ತುದಿಯವರೆಗೆ ಸ್ವಲ್ಪ ಕೆರೆಯೋದು, ಕ್ಲಿಪ್ ಹಾಕಿ ಅಳೆಯೋದು, ಮತ್ತೆ ಕೆರೆಯೋದು. 19ಕ್ಕೆ ಇಳಿಸಬೇಡಿ, 15ರ ಹತ್ತಿರ ನಿಲ್ಲಿಸಿ. ಉಳಿದದ್ದಕ್ಕೆ ಎಡಗಡೆ ಕಡ್ಡಿಯ ಬೆನ್ನಿಗೆ ಒಂದು ತೆಳು ಸೀಳು ಸೇರಿಸಿ ದಾರ ಸುತ್ತಿ.

ಮುಂದಿನ ಸಲ ದಬ್ಬೆ ಆರಿಸುವಾಗಲೇ ಗಿಣ್ಣು ಕಡ್ಡಿಯ ಸರಿ ಮಧ್ಯಕ್ಕೆ ಬರಲಿ, ಇಲ್ಲಾ ಎರಡೂ ಕಡೆ ಸಮದೂರದಲ್ಲಿರಲಿ. ಬಾಲದ ಎರಡು ಕಡ್ಡಿಗೆ ಇನ್ನೂ ಸುಲಭ: ಎರಡರಷ್ಟು ಅಗಲದ ಒಂದೇ ಸೀಳನ್ನು ಮೇಣದಬತ್ತಿ ಉರಿಯ ಮೇಲೆ ಆಡಿಸುತ್ತಾ ಬಾಗಿಸಿ, ಒದ್ದೆ ಬಟ್ಟೆಯಿಂದ ತಣಿಸಿ, ಆಮೇಲೆ ಉದ್ದಕ್ಕೆ ಎರಡಾಗಿ ಸೀಳಿ. ಗಿಣ್ಣೂ ಒಂದೇ ಕಡೆ, ಬಾಗೂ ಒಂದೇ.

ಕಡಲತಡಿ:
ನಮ್ಮಲ್ಲಿ ಪಣಂಬೂರಿನ ಗಾಳಿಪಟ ಉತ್ಸವದಲ್ಲಿ ಪಟಗಳನ್ನು ನೋಡಿ ನೋಡಿ ನನಗೂ ಹುಚ್ಚು ಹಿಡಿದದ್ದು. ಒಂದು ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ, ಕಾಗದ! ಬೀಜಿಂಗಿನ ವಸಂತ ಅಂದ್ರೆ ಒಣ ಗಾಳಿ. ನಮ್ಮ ತೇವಕ್ಕೆ ಕಾಗದ ಜೋಲು ಬಿದ್ದು ಒಂದೊಂದು ರೆಕ್ಕೆ ಒಂದೊಂದು ಥರ ಆಗ್ತದೆ. ನಾನು ರೇಷ್ಮೆ ಬಟ್ಟೆಗೆ ಬದಲಾಯಿಸಿದೆ, ಚೀನಾದಲ್ಲೂ ರೇಷ್ಮೆ ಬಳಸ್ತಾರೆ. ವೇಫಾಂಗ್‌ನವರ ಸರಪಟಕ್ಕೂ, ಅಂದ್ರೆ ಡ್ರ್ಯಾಗನ್ ತಲೆಯ ಹಿಂದೆ ಬಿಲ್ಲೆಗಳ ಸಾಲು ಇರುವ ಪಟಕ್ಕೂ, ಇದೇ ಪರೀಕ್ಷೆ ಆಗ್ತದಾ?

ಬಿದಿರುಸೀಳು:
ಕಾಗದದ ಮಾತು ನಿಜ ಸರ್, ಅಳತೆಯನ್ನೂ ಹಾರಿಸುವ ದಿನವೇ ಮಾಡೋದು ಒಳ್ಳೇದು. ಸರಪಟದ ಲೆಕ್ಕ ಬೇರೆ, ಅಲ್ಲಿ ಸಾಲು ಬಿಲ್ಲೆಗಳನ್ನು ಜೋಡಿಸುವ ದಾರಗಳ ಉದ್ದ ಸಮ ಇರಬೇಕು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಶಾನ್‌ಡಾಂಗ್ ಪ್ರಾಂತ್ಯದ ವೇಫಾಂಗ್‌ನಲ್ಲಿ 1984ರಲ್ಲಿ ಶುರುವಾದ ಅಂತರರಾಷ್ಟ್ರೀಯ ಉತ್ಸವದ ವಿಡಿಯೋಗಳಲ್ಲಿ ಅವನ್ನು ಏರಿಸುವ ರೀತಿ ಚೆನ್ನಾಗಿ ಕಾಣುತ್ತೆ.

ಮೈದಾನ_ಮಂಜ:
ದಪ್ಪ ಮಾದರಿ ಅಂದ್ರಲ್ಲ, ತೆಳ್ಳಂದೂ ಇದೆಯಾ?

ಪಟದಹುಚ್ಚು:
ಇದೆ. ದಪ್ಪಂದು ಗಂಡಸು, ತೆಳ್ಳಂದು ಹೆಂಗಸು, ಸಣ್ಣಂದು ಮಗು. ಜೋಡಿ ಹಕ್ಕಿ ಅಂಟಿಕೊಂಡಂಥದ್ದು ದಂಪತಿ.

ಇವತ್ತು ಕೆರೆದು, ಅಂಟಿಸಿ, ಒಣಗಿಸಿ ಹಾರಿಸಿದೆ. ಎಡಕ್ಕೆ ವಾಲೋದು ನಿಂತಿದೆ! ಈಗ ದೊಡ್ಡ ಗಾಳಿಗೆ ದಾರ ವಿಪರೀತ ಎಳೆಯುತ್ತೆ, ಪಟ ಎರಡೂ ಕಡೆ ತೂಗಾಡುತ್ತೆ. ಮತ್ತೆ ಕೆರೆಯಬೇಕಾ?

ಬಿದಿರುಸೀಳು:
ಬೇಡ, ಕಡ್ಡಿಗೆ ಕೈ ಹಚ್ಚಬೇಡಿ. ಎರಡೂ ಕಡೆ ತೂಗಾಡ್ತಿದೆ, ದಾರ ಎಳೀತಿದೆ ಅಂದ್ರೆ ಇದು ಸೂತ್ರದ ಕೆಲಸ. ಗಂಟನ್ನು ತಲೆಯ ಕಡೆಗೆ 3 ಮಿ.ಮೀ. ಸರಿಸಿ ಹಾರಿಸಿ ನೋಡಿ, ಸಾಲದಿದ್ದರೆ ಇನ್ನೊಂದು 3. ಗಾಳಿ ಇಳಿದ ದಿನ ಮತ್ತೆ ಕೆಳಗೆ ತರಬೇಕಾಗುತ್ತೆ, ಆದ್ದರಿಂದ ಈಗಿನ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳಿ.