ಹಾಸನದಲ್ಲಿ ಒಂದೇ ದವಡೆ ಹಲ್ಲಿಗೆ ಒಬ್ಬರು 11,500, ಇನ್ನೊಬ್ಬರು 36,000 ಅಂತಾರೆ. ಯಾರನ್ನ ನಂಬೋದು?

ಬಿಸಿಲೆ_ಮಳೆ

ಅಮ್ಮನಿಗೆ 58 ವರ್ಷ. ಶುಗರ್ ಇದೆ, ಮಾತ್ರೆ ತಗೋತಾರೆ. ಕೆಳಗಡೆ ಬಲಭಾಗದ ದವಡೆ ಹಲ್ಲು ಅರ್ಧದಷ್ಟು ಹುಳುಕಾಗಿದೆ. ಹಾಸನದಲ್ಲಿ ಎರಡು ಕ್ಲಿನಿಕ್‌ಗೆ ತೋರಿಸಿದ್ದಾಯ್ತು.

ಮೊದಲನೆಯವರು ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬೋದು) 4,500, ಜಿರ್ಕೋನಿಯಾ (ಬಿಳಿ ಬಣ್ಣದ ಗಟ್ಟಿ ಸೆರಾಮಿಕ್) ಕ್ಯಾಪ್ 7,000, ಒಟ್ಟು 11,500 ಅಂದರು. ಎರಡನೆಯವರು ಈ ಹಲ್ಲು ನಿಲ್ಲಲ್ಲ, ಕಿತ್ತು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟೋ ಹಲ್ಲು) ಹಾಕ್ಸಿ, 36,000 ಆಗುತ್ತೆ ಅಂದರು. ಜೊತೆಗೆ ಇನ್ನೂ ನಾಲ್ಕು ಹಲ್ಲಿಗೆ ಫಿಲ್ಲಿಂಗ್ ಬೇಕಂತೆ. ಎಕ್ಸ್‌ರೇ ತೆಗೆದದ್ದು ಮೊದಲನೆಯವರು ಮಾತ್ರ, ಅದೂ ನಮ್ಮ ಕೈಗೆ ಕೊಟ್ಟಿಲ್ಲ.

ಸಕಲೇಶಪುರದ ಕಡೆಯಿಂದ ಬಂದು ಹೋಗಬೇಕು, ಪದೇ ಪದೇ ಓಡಾಡೋದು ಕಷ್ಟ. ಡಾಕ್ಟರ ಹೆಸರು ಕೇಳ್ತಿಲ್ಲ. ಸರಿಯಾದವರು ಅಂತ ಗುರುತು ಹಿಡಿಯೋದು ಹೇಗೆ, ಈ ರೇಟು ನ್ಯಾಯವಾ, ಇದೆರಡು ತಿಳಿದವರು ಹೇಳಿ.

ದವಡೆ_ಮೂಲೆ

ರೇಟು ಆಮೇಲೆ ನೋಡೋಣ. ಇಬ್ಬರು ಎರಡು ಥರ ಹೇಳಿದ್ದಾರೆ ಅಂದ ಮಾತ್ರಕ್ಕೆ ಒಬ್ಬರು ಮೋಸಗಾರರು ಅಂತಲ್ಲ. ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ಒಸಡಿನಿಂದ ಮೇಲಕ್ಕೆ ಎಷ್ಟು ಹಲ್ಲು ಉಳಿಯುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಇದ್ದರೆ, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಅದನ್ನು ಹಿಡಿದುಕೊಳ್ಳುತ್ತೆ. ಅಷ್ಟಿಲ್ಲದ ಕಡೆ ರೂಟ್ ಕೆನಾಲ್ ಎಷ್ಟೇ ಚೆನ್ನಾಗಿ ಮಾಡಿದರೂ ಒಂದೆರಡು ವರ್ಷದಲ್ಲಿ ಕ್ಯಾಪ್ ಸಮೇತ ಹಲ್ಲು ಮುರಿದು ಕೈಗೆ ಬರುತ್ತೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಇದು: "ಹುಳುಕು ತೆಗೆದ ಮೇಲೆ ಕ್ಯಾಪ್ ಹಿಡಿಯೋಷ್ಟು ಹಲ್ಲು ಉಳಿಯುತ್ತಾ ಡಾಕ್ಟ್ರೇ?" ಕೆಲವು ಸಲ ಕೆರೆದು ನೋಡಿಯೇ ಹೇಳಬೇಕಾಗುತ್ತೆ. ಹಾಗಂತ ಮೊದಲೇ ಹೇಳುವವರು ಒಳ್ಳೆಯವರು.

ಎಕ್ಸ್‌ರೇ ಇಲ್ಲದೆ ಈ ಹಲ್ಲು ನಿಲ್ಲಲ್ಲ ಅಂತ ತೀರ್ಮಾನ ಕೊಟ್ಟದ್ದು ಮಾತ್ರ ಸರಿಯಿಲ್ಲ. ದೊಡ್ಡ ಅಂಚೆ ಚೀಟಿಯಷ್ಟಿರುವ ಸಣ್ಣ ಎಕ್ಸ್‌ರೇ ಸಾಕು, 150ರಿಂದ 300 ರೂಪಾಯಿ. ಅದರಲ್ಲಿ ಮೂರು ಕಾಣಬೇಕು: ಹುಳುಕು ನರದ ಕೋಣೆಗೆ ಎಷ್ಟು ಹತ್ತಿರ ಹೋಗಿದೆ, ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ ಇದೆಯಾ, ಎರಡು ಬೇರು ಕವಲೊಡೆಯುವ ಜಾಗದಲ್ಲಿ ಮೂಳೆ ಕರಗಿದೆಯಾ. ಇದರ ಜೊತೆ ಸಣ್ಣ ಕಡ್ಡಿ ಇಟ್ಟು ಒಸಡಿನ ಆಳ ಅಳೆಯಬೇಕು. ಸುತ್ತಲೂ 2-3 ಮಿ.ಮೀ. ಇದ್ದು, ಒಂದೇ ಒಂದು ಕಡೆ ಕಡ್ಡಿ ಸರಕ್ಕನೆ 8-10 ಮಿ.ಮೀ. ಒಳಗೆ ಹೋದರೆ ಬೇರು ಉದ್ದಕ್ಕೆ ಸೀಳಿರುವ ಅನುಮಾನ. ಸೀಳಿದ್ದು ಖಾತ್ರಿಯಾದರೆ ಕೀಳಲೇಬೇಕು, ಅಲ್ಲಿ ರೂಟ್ ಕೆನಾಲ್‌ಗೆ ದುಡ್ಡು ಹಾಕೋದು ದಂಡ.

ನರದ ಸ್ಥಿತಿಯನ್ನು ತಣ್ಣನೆಯ ಹತ್ತಿ ಇಟ್ಟು ನೋಡ್ತಾರೆ. ಹತ್ತಿ ತೆಗೆದ ಕೆಲವೇ ಸೆಕೆಂಡಿಗೆ ಜುಮ್ ಅನ್ನೋದು ನಿಂತರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ಅರ್ಧ ನಿಮಿಷವಾದರೂ ನೋವು ಎಳೀತಾನೇ ಇದ್ದರೆ, ಇಲ್ಲಾ ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವಿದ್ದರೆ ರೂಟ್ ಕೆನಾಲ್. ತಣ್ಣಗಿದ್ದದ್ದು ಗೊತ್ತೇ ಆಗದೆ, ಕಚ್ಚಿದಾಗ ಮಾತ್ರ ನೋವಾದರೆ ನರ ಸತ್ತಿದೆ ಅಂತ ಲೆಕ್ಕ. ಆಗಲೂ ರೂಟ್ ಕೆನಾಲೇ. ಈ ಯಾವ ಪರೀಕ್ಷೆಯೂ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲ್ಲ.

ರೂಟ್ ಕೆನಾಲ್ ಮಾಡ್ಸೋದೇ ಆದರೆ ಕೆಲಸದ ಗುಣ ಗೊತ್ತಾಗೋದು ಹೀಗೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಮಾಡಿದರೆ ಎಂಜಲು ಒಳಗೆ ಹೋಗಲ್ಲ, ಸಣ್ಣ ಸೂಜಿಯಂಥ ಫೈಲು ಜಾರಿ ಗಂಟಲಿಗೆ ಬೀಳಲ್ಲ. ಬೇರಿನ ಉದ್ದ ಅಳೆಯೋದಕ್ಕೆ ಅಪೆಕ್ಸ್ ಲೊಕೇಟರ್ ಅನ್ನೋ ಪುಟ್ಟ ಯಂತ್ರ ಇರುತ್ತೆ. ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಮೂರು ಕೆನಾಲ್ (ಬೇರಿನೊಳಗಿನ ನರದ ಕೊಳವೆ), ಕೆಲವರಿಗೆ ನಾಲ್ಕು. ಒಂದು ಕೆನಾಲ್ ಕಣ್ಣು ತಪ್ಪಿ ಉಳಿದರೆ ಆರು ತಿಂಗಳಿಗೋ ಎರಡು ವರ್ಷಕ್ಕೋ ಮತ್ತೆ ಕೀವು ಕಟ್ಟುತ್ತೆ. "ಎಷ್ಟು ಕೆನಾಲ್ ಸಿಕ್ತು?" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೊನೆಯ ಎಕ್ಸ್‌ರೇಯಲ್ಲಿ ಬಿಳಿ ಗೆರೆ (ಕೆನಾಲ್‌ಗೆ ತುಂಬಿದ್ದು) ಬೇರಿನ ತುದಿಗೆ 2 ಮಿ.ಮೀ. ಒಳಗಿನ ಅಂತರದಲ್ಲಿ ನಿಲ್ಲಬೇಕು. ನಡುದಾರೀಲೇ ನಿಂತಿದ್ದರೂ, ತುದಿ ದಾಟಿ ಹೊರಗೆ ಚಾಚಿದ್ದರೂ ಕಾರಣ ಕೇಳಿ. ಫೈಲು ಒಳಗೆ ಮುರಿಯೋದು ಒಳ್ಳೆಯ ಕೈಯಲ್ಲೂ ಆಗುತ್ತೆ. ಮುರಿದದ್ದೇ ತಪ್ಪಲ್ಲ, ಹೇಳದೆ ಮುಚ್ಚಿ ಕಳಿಸೋದು ತಪ್ಪು.

ಶುಗರ್ ವಿಚಾರ: ಇಂಪ್ಲಾಂಟ್ ಅಂದವರು ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿ ಎ1ಸಿ ಕೇಳಿದರಾ? 8 ದಾಟಿದ್ದರೆ ಇಂಪ್ಲಾಂಟನ್ನು ಸಾಮಾನ್ಯವಾಗಿ ಮುಂದಕ್ಕೆ ಹಾಕ್ತಾರೆ. ರಕ್ತ ತೆಳುವಾಗೋ ಮಾತ್ರೆ, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡೋ ಇಂಜೆಕ್ಷನ್ ಇದ್ದರೆ ತಪ್ಪದೆ ಹೇಳಿ. ಆ ಇಂಜೆಕ್ಷನ್ ತಗೊಂಡವರಿಗೆ ಹಲ್ಲು ಕಿತ್ತ ಜಾಗ ಮಾಯದೆ ದವಡೆ ಮೂಳೆಯೇ ಕೊಳೆಯುವ ಅಪಾಯ ಉಂಟು. ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಹೋಗಬೇಡಿ.

ಎರಕದ_ಮೇಜು

ಕ್ಯಾಪ್ ಬಗ್ಗೆ ಲ್ಯಾಬ್ ಕಡೆಯಿಂದ ಒಂದಷ್ಟು.

ಚೀಟಿಯಲ್ಲಿ 46 ಅಂತ ಬರೆದಿದ್ದಾರಾ ನೋಡಿ. ಬಾಯನ್ನು ನಾಲ್ಕು ಭಾಗ ಮಾಡಿ, ರೋಗಿಯ ಬಲ ಮೇಲೆ 1, ಎಡ ಮೇಲೆ 2, ಎಡ ಕೆಳಗೆ 3, ಬಲ ಕೆಳಗೆ 4. ನಡುವಿನಿಂದ ಎಣಿಸಿದರೆ ಆರನೆಯದು ಮೊದಲ ದೊಡ್ಡ ದವಡೆ ಹಲ್ಲು. ಎರಡು ಕ್ಲಿನಿಕ್‌ನ ರೇಟು ಹೋಲಿಸೋಕೆ ಮುಂಚೆ ಇಬ್ಬರೂ ಒಂದೇ ಹಲ್ಲಿನ ಮಾತಾಡ್ತಿದಾರಾ ಅಂತ ಖಾತ್ರಿ ಮಾಡ್ಕೊಳ್ಳಿ, ನಗಬೇಡಿ.

ಮೆಟಲ್ ಸೆರಾಮಿಕ್ ಅಂದರೆ ಒಳಗೆ ಅರ್ಧ ಮಿ.ಮೀ. ಲೋಹದ ಟೋಪಿ, ಮೇಲೆ ಪಿಂಗಾಣಿ. ಗಟ್ಟಿ ಪದಾರ್ಥ ಕಡಿದಾಗ ಪಿಂಗಾಣಿ ಚೂರು ಏಳಬಹುದು, ವರ್ಷ ಕಳೆದ ಹಾಗೆ ಒಸಡಿನ ಅಂಚಲ್ಲಿ ಕಪ್ಪು ಗೆರೆ ಕಾಣುತ್ತೆ. ಹಿಂದಿನ ದವಡೆಗೆ ಆ ಗೆರೆ ಯಾರೂ ನೋಡಲ್ಲ ಬಿಡಿ. ಜಿರ್ಕೋನಿಯಾ ಒಂದೇ ಗಟ್ಟಿಯಿಂದ ಕಂಪ್ಯೂಟರ್ ಕೊರೆದ ಕ್ಯಾಪ್. ಕೊರೆಯುವಾಗ ಅಳತೆಗಿಂತ ಸುಮಾರು 20-25 ಪರ್ಸೆಂಟ್ ದೊಡ್ಡದಾಗಿಯೇ ಕೊರೀತಾರೆ, 1,500 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಸುಟ್ಟಾಗ ಕುಗ್ಗಿ ಸರಿಯಾದ ಅಳತೆಗೆ ಬರುತ್ತೆ. ದವಡೆ ಹಲ್ಲಿಗೆ ಮೇಲೆ ಪಿಂಗಾಣಿ ಲೇಪ ಇಲ್ಲದ, ಪೂರ್ತಿ ಜಿರ್ಕೋನಿಯಾ ಅಂತಲೇ ಹೇಳಿ ಮಾಡ್ಸಿ.

ಜಿರ್ಕೋನಿಯಾಗೆ ವಾರಂಟಿ ಕಾರ್ಡ್ ಬರುತ್ತೆ. ಅದರಲ್ಲಿ ರೋಗಿಯ ಹೆಸರು, ಹಲ್ಲಿನ ನಂಬರು, ಕೋಡ್ ಇರಬೇಕು. ಕೋಡನ್ನು ಕಂಪನಿಯ ವೆಬ್‌ಸೈಟಲ್ಲಿ ಹಾಕಿ ನೋಡಿ. ಕಾರ್ಡ್ ಕೊಡಲ್ಲ ಅಂದರೆ ಯಾವ ಗಟ್ಟಿಯಿಂದ ಮಾಡಿದ್ದು ಅಂತ ತಿಳಿಯೋ ದಾರಿಯೇ ಇಲ್ಲ. 10-15 ವರ್ಷ ವಾರಂಟಿ ಅಂತ ಇದ್ದರೂ ಅದು ಕ್ಯಾಪ್ ಒಡೆದರೆ ಮಾತ್ರ. ಕ್ಯಾಪಿನಡಿಯ ಹಲ್ಲು ಹುಳುಕಾದರೆ, ಡಾಕ್ಟರ ಫೀಸು, ಯಾವುದೂ ಅದರಲ್ಲಿ ಬರಲ್ಲ.

ಕ್ಯಾಪ್ ಕೆಡೋದು ಬಹುಪಾಲು ಅಳತೆ ತೆಗೆಯೋ ಹೊತ್ತಲ್ಲೇ. ಬಣ್ಣದ ಪುಡಿಗೆ ನೀರು ಕಲಸಿ ಬಾಯಿಗೆ ಇಡ್ತಾರಲ್ಲ, ಆಲ್ಜಿನೇಟು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷದೊಳಗೆ ಎರಕ ಹೊಯ್ಯಬೇಕು. ಒಣಗಿದರೆ ಕುಗ್ಗುತ್ತೆ, ಕ್ಯಾಪಿನ ಅಂಚು ಹಲ್ಲಿಗೆ ಕೂರಲ್ಲ. ಕೊರಿಯರ್‌ನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋಗೋ ಕ್ಯಾಪಿಗೆ ಸಿಲಿಕಾನ್ ಅಳತೆ ಅಥವಾ ಸ್ಕ್ಯಾನರ್ ಬೇಕು. ಅಂಟಿಸೋಕೆ ಮುಂಚೆ ಟ್ರಯಲ್ ನೋಡಿ: ಎರಡು ಹಲ್ಲಿನ ಸಂದಿಯಲ್ಲಿ ಫ್ಲಾಸ್ ದಾರ ಟಕ್ ಅಂತ ಬಿಗಿಯಾಗಿ ಇಳೀಬೇಕು. ಸಡಿಲವಾಗಿ ಜಾರಿದರೆ ಪ್ರತಿ ಊಟಕ್ಕೂ ಸೊಪ್ಪು, ಮಾಂಸದ ಎಳೆ ಸಿಕ್ಕಿಕೊಳ್ಳುತ್ತೆ. ನೀಲಿ ಕಾಗದ ಕಚ್ಚಿಸಿದಾಗ ಹೊಸ ಕ್ಯಾಪಿನ ಮೇಲೆ ಮಾತ್ರ ದಪ್ಪ ಗುರುತು ಬಿದ್ದರೆ ಅದು ಎತ್ತರವಾಗಿದೆ. "ಅಭ್ಯಾಸ ಆಗುತ್ತೆ" ಅಂತ ಕಳಿಸಿದರೆ ಒಪ್ಪಬೇಡಿ, ಅಲ್ಲೇ ಉಜ್ಜಿಸಿ.

ಚೀಟಿ_ಲೆಕ್ಕ

ಹಾಸನ, ಚಿಕ್ಕಮಗಳೂರು ಕಡೆ ಖಾಸಗಿ ಕ್ಲಿನಿಕ್‌ಗಳಲ್ಲಿ ಸುಮಾರಾಗಿ ನಡೆಯುವ ರೇಟು: ಕ್ಲೀನಿಂಗ್ 800ರಿಂದ 1,500, ಹಲ್ಲಿನ ಬಣ್ಣದ ಫಿಲ್ಲಿಂಗ್ 800ರಿಂದ 1,500, ದವಡೆ ಹಲ್ಲಿನ ರೂಟ್ ಕೆನಾಲ್ 3,000ದಿಂದ 6,000, ಮೆಟಲ್ ಸೆರಾಮಿಕ್ ಕ್ಯಾಪ್ 2,500ರಿಂದ 4,500, ಜಿರ್ಕೋನಿಯಾ 6,000ದಿಂದ 12,000, ಸುಮ್ಮನೆ ಕೀಳೋದು 500ರಿಂದ 1,000, ಇಂಪ್ಲಾಂಟ್ 25,000ದಿಂದ 40,000. ನಿಮಗೆ ಹೇಳಿದ ಎರಡೂ ರೇಟು ಇದರೊಳಗೇ ಇವೆ. ಅನುಮಾನ ಪಡಬೇಕಾದ್ದು ಮೊತ್ತದ ಮೇಲಲ್ಲ, ಅದರಲ್ಲಿ ಏನೇನು ಸೇರಿದೆ ಅನ್ನೋದರ ಮೇಲೆ.

11,500ಕ್ಕೆ ಕೇಳಿ: ರೂಟ್ ಕೆನಾಲ್ ಆದ ಮೇಲೆ ಹಲ್ಲು ಕಟ್ಟೋ ಫಿಲ್ಲಿಂಗ್ ಸೇರಿದೆಯಾ, ಎಕ್ಸ್‌ರೇಗಳು ಸೇರಿವೆಯಾ? ಬಹಳ ಕಡೆ ಕೊನೆಗೆ 1,000-1,500 ಹೆಚ್ಚಾಗೋದು ಇಲ್ಲೇ. 36,000ಕ್ಕೆ ಕೇಳಿ: ಸ್ಕ್ರೂ ಮೇಲೆ ಕೂರೋ ಹಲ್ಲು, ನಡುವಿನ ಜೋಡಣೆ ತುಂಡು ಸೇರಿದೆಯಾ, ಮೂಳೆ ಪುಡಿ ಹಾಕಬೇಕಾಗಿ ಬಂದರೆ ಎಷ್ಟು, ಯಾವ ಕಂಪನಿ? ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ ಹೆಸರು, ಅಳತೆ, ಲಾಟ್ ನಂಬರು ಇರೋ ಸ್ಟಿಕ್ಕರ್ ಇರುತ್ತೆ, ಅದು ನಿಮ್ಮ ಫೈಲಿಗೆ ಅಂಟಬೇಕು. ಹತ್ತು ವರ್ಷದ ಮೇಲೆ ಸ್ಕ್ರೂ ಸಡಿಲವಾದರೆ ಅದೇ ಅಳತೆಯ ಉಪಕರಣ ಬೇಕಾಗುತ್ತೆ. ಕೆಳದವಡೆಯಲ್ಲಿ ಮೂಳೆ ಕೂಡಲು ಸುಮಾರು ಮೂರು ತಿಂಗಳು, ಅಲ್ಲೀತನಕ ಓಡಾಟ ಇದ್ದೇ ಇದೆ.

ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನಿಸಿ. ರೋಗಕ್ಕೆ ಕೊಡೋ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ, ಡಾಕ್ಟರ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಪೂರ್ತಿ ದುಡ್ಡು ಮುಂಗಡ ಬೇಡ. ರೂಟ್ ಕೆನಾಲ್ ಮುಗಿದಾಗ ಅದರದ್ದು, ಕ್ಯಾಪ್ ಅಳತೆ ಕೊಟ್ಟಾಗ ಅರ್ಧ, ಕೂರಿಸಿದಾಗ ಉಳಿದದ್ದು, ಹೀಗೆ ಒಪ್ಪಿಸಿ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯಡಿ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿಗೆ ಹೋಗಬೇಕಾಗಿ ಬಂದರೆ ಬಿಲ್ಲು, ಎಕ್ಸ್‌ರೇ ಇಲ್ಲದೆ ಏನೂ ನಡೆಯಲ್ಲ.

ಸಂತೆಯಲ್ಲಿ ಒಂದೇ ದಿನಕ್ಕೆ ಹಲ್ಲು ಕಟ್ಟಿಕೊಡೋರು ಇದ್ದಾರೆ, ಆ ಕಡೆ ತಲೆನೂ ಹಾಕಬೇಡಿ. ತಂತಿ ಸುತ್ತಿ ಅಕ್ರಿಲಿಕ್ ಮೆತ್ತಿದರೆ ಅದರಡಿ ಒಸಡು ಕೊಳೆತು ಪಕ್ಕದ ಗಟ್ಟಿ ಹಲ್ಲೂ ಅಲ್ಲಾಡೋಕೆ ಶುರುವಾಗುತ್ತೆ.

ದವಡೆ_ಮೂಲೆ

ಮರೆತಿದ್ದೆ, ಆ ನಾಲ್ಕು ಫಿಲ್ಲಿಂಗ್. ಪ್ರತಿ ಹಲ್ಲನ್ನೂ ಕನ್ನಡಿ ಹಿಡಿದೋ ಕ್ಯಾಮೆರಾದಲ್ಲೋ ತೋರಿಸಿ ಅನ್ನಿ. ಬರೀ ಕಂದು ಗೆರೆ, ಕಡ್ಡಿ ಸಿಕ್ಕದಷ್ಟು ಗಟ್ಟಿಯಾಗಿದ್ದರೆ ಆರು ತಿಂಗಳು ಕಾದು ನೋಡಬಹುದು. ಎಲೆ ಅಡಿಕೆಯ ಕಲೆ ಕ್ಲೀನಿಂಗ್‌ನಲ್ಲಿ ಹೋಗುತ್ತೆ. ಅರಸೀಕೆರೆ, ಕಡೂರು ಕಡೆ ಫ್ಲೋರೈಡ್ ಇರೋ ಬೋರ್‌ವೆಲ್ ನೀರು ಕುಡಿದು ಬೆಳೆದವರ ಕಂದು ಪಟ್ಟೆ ಹೋಗಲ್ಲ, ಅದು ಹುಳುಕೂ ಅಲ್ಲ.

ಇನ್ನು ಸ್ವಚ್ಛತೆ. ಉಪಕರಣ ಇರೋ ಕಾಗದದ ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು, ಅದರ ಮೇಲಿನ ಗುರುತಿನ ಬಣ್ಣ ಬದಲಾಗಿರಬೇಕು. ಆಟೋಕ್ಲೇವ್ ಅನ್ನೋ ಯಂತ್ರದ ಬಿಸಿ ಹಬೆಯಲ್ಲಿ ಇದ್ದು ಬಂದರೆ ಆ ಬಣ್ಣ ತಿರುಗೋದು. ಕೊರೆಯೋ ಮೆಷೀನಿನ ಹಿಡಿಯೂ ಹಾಗೇ ಬರಬೇಕು. ಬರೀ ಸ್ಪಿರಿಟ್‌ನಲ್ಲಿ ಒರೆಸಿದರೆ, ಕುದಿಯೋ ನೀರಿಗೆ ಅದ್ದಿದರೆ ಕಾಮಾಲೆ ವೈರಸ್ ನಾಶ ಆಯ್ತು ಅನ್ನೋ ಭರವಸೆ ಇಲ್ಲ.

ದುಡ್ಡಿನದೇ ತೊಂದರೆ ಇದ್ದರೆ ವಿದ್ಯಾನಗರದ ಹಾಸನಾಂಬ ಡೆಂಟಲ್ ಕಾಲೇಜು ಇದೆ. ವಿದ್ಯಾರ್ಥಿಗಳು ಮಾಡ್ತಾರೆ, ಪ್ರತಿ ಹಂತವನ್ನೂ ಮೇಷ್ಟ್ರು ನೋಡಿ ಸಹಿ ಹಾಕಿದ ಮೇಲೇ ಮುಂದಿನದು. ಖರ್ಚು ಕಡಿಮೆ, ಆದರೆ ಕ್ಲಿನಿಕ್‌ನಲ್ಲಿ ಎರಡು ಸಲಕ್ಕೆ ಮುಗಿಯೋದು ಅಲ್ಲಿ ನಾಲ್ಕೈದು ಸಲ ಆಗಬಹುದು. ಹೋಗೋದಾದರೆ ಬೆಳಗ್ಗೆಯೇ ಹೋಗಿ ಚೀಟಿ ಮಾಡ್ಸಿ.

ಬಿಸಿಲೆ_ಮಳೆ

ಎಲ್ಲರಿಗೂ ಧನ್ಯವಾದ. ಮೊದಲ ಕ್ಲಿನಿಕ್‌ಗೆ ಫೋನ್ ಮಾಡಿದ್ದಕ್ಕೆ ಎಕ್ಸ್‌ರೇ ವಾಟ್ಸಾಪ್‌ನಲ್ಲಿ ಕಳಿಸಿದರು. ಹಲ್ಲು 46, ಕೆನ್ನೆ ಕಡೆ 3 ಮಿ.ಮೀ., ನಾಲಿಗೆ ಕಡೆ 2 ಮಿ.ಮೀ. ಉಳಿಯುತ್ತೆ, ಸೀಳಿದ ಗುರುತಿಲ್ಲ ಅಂದರು. ಕಟ್ಟೋ ಫಿಲ್ಲಿಂಗ್ 1,000 ಬೇರೆಯಂತೆ. ಅಮ್ಮನ ಎಚ್‌ಬಿ ಎ1ಸಿ 7.4. ಬುಧವಾರ ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದಾರೆ. ಖಾಲಿ ಹೊಟ್ಟೇಲಿ ಹೋಗಬೇಕಾ?

ದವಡೆ_ಮೂಲೆ

ಬೇಡ ಬೇಡ. ಎಂದಿನ ಹಾಗೆ ತಿಂಡಿ ತಿಂದು, ಶುಗರ್ ಮಾತ್ರೆ ತಗೊಂಡೇ ಬರಲಿ. ಖಾಲಿ ಹೊಟ್ಟೇಲಿ ಕುರ್ಚಿ ಮೇಲೆ ಒಂದು ಗಂಟೆ ಮಲಗಿದರೆ ಸಕ್ಕರೆ ಇಳಿದು ಬೆವರಿ ತಲೆ ಸುತ್ತುತ್ತೆ. ಇಂಜೆಕ್ಷನ್ನಿನ ಜೋಮು ಎರಡು ಮೂರು ಗಂಟೆ ಇರುತ್ತೆ. ಅದು ಬಿಡೋವರೆಗೆ ಬಿಸಿ ಕಾಫಿ ಕೊಡಬೇಡಿ, ತುಟಿ ಕಚ್ಚಿಕೊಂಡದ್ದೂ ಸುಟ್ಟದ್ದೂ ಗೊತ್ತಾಗಲ್ಲ. ಮೂರು ನಾಲ್ಕು ದಿನ ಕಚ್ಚಿದರೆ ನೋವು ಇರೋದು ಸಹಜ. ಕೆನ್ನೆ ಊದಿದರೆ, ಜ್ವರ ಬಂದರೆ ಅವತ್ತೇ ಫೋನ್ ಮಾಡಿ. ತಾತ್ಕಾಲಿಕ ಸಿಮೆಂಟ್ ಮೂರು ವಾರಕ್ಕಿಂತ ಹೆಚ್ಚು ನಂಬೋ ಹಾಗಿಲ್ಲ, ಮಳೆ ಅಂತಲೋ ಕಾಫಿ ಕೊಯ್ಲು ಅಂತಲೋ ಕ್ಯಾಪ್ ಮುಂದಕ್ಕೆ ಹಾಕಬೇಡಿ.