ಬೀದರ್ ಚಳಿಗೆ ಮೈ ಒಡೆಯುತ್ತಿದೆ, ಏನು ಹಚ್ಚಲಿ?

ಹುಟ್ಟಿ ಬೆಳೆದದ್ದು ಮಂಗಳೂರು. ಕೆಲಸಕ್ಕೆಂದು ಬೀದರ್‌ಗೆ ಬಂದ ಮೇಲೆ ಇದು ಮೊದಲ ಚಳಿಗಾಲ. ಕಾಲ ಮೇಲೆ ಉಗುರು ಎಳೆದರೆ ಬಿಳಿ ಗೆರೆ ಬೀಳುತ್ತದೆ, ರಾತ್ರಿಯೆಲ್ಲ ನವೆ, ಬಿರಿದ ಹಿಮ್ಮಡಿ ಹೊದಿಕೆಗೆ ಸಿಕ್ಕಿಕೊಳ್ಳುತ್ತದೆ. ದಿನಕ್ಕೆರಡು ಸಲ ಬಿಸಿನೀರು ಸ್ನಾನ ಮಾಡಿ, ಮಲಗುವಾಗ ಲೋಷನ್ ಹಚ್ಚುತ್ತೇನೆ. ದುಬಾರಿ ಕ್ರೀಮೇ ಬೇಕೋ, ಮನೆಮದ್ದು ಸಾಕೋ? ಗೊತ್ತಿದ್ದವರು ಹೇಳಿ.

ಕಲಬುರಗಿಯಿಂದ:
ಅಕ್ಕಾ, ನಿಮ್ಮ ಕಡಿ ಹವಾದಾಗ ನೀರಿನ ಪಸೆ ಇರ್ತದ, ಇಲ್ಲಿ ಅದೇ ಇಲ್ಲ. ಕ್ರೀಮ್ ಬದಲ್ಸೂಕಿಂತ ಮೊದ್ಲ ಬಚ್ಚಲದಾಗಿನ ಪದ್ಧತಿ ಬದಲ್ಸ್ರಿ. ಸುಡೂ ನೀರು ಬ್ಯಾಡ, ಉಗುರುಬೆಚ್ಚಗ ಸಾಕು, ಲಗೂ ಹೊರಗ ಬರ್ರಿ. ಸಾಬೂನ ಕಂಕುಳ, ತೊಡಿಸಂದಿ, ಪಾದಕ್ಕ ಅಷ್ಟ ಹಚ್ರಿ. ಬೋರಿನ ಗಡಸು ನೀರಿದ್ರಂತೂ ಸಾಬೂನ ಮೈಮ್ಯಾಲೇ ಕುಂತು ಮತ್ತಷ್ಟು ನವಿ ಎಬ್ಬಸ್ತದ. ಎಣ್ಣಿ ಹಚ್ಚಿ, ಆಮ್ಯಾಲ ಕಡ್ಲಿಹಿಟ್ಟಿನಿಂದ ತಿಕ್ಕಿ ತಿಕ್ಕಿ ತೊಳದ್ರ ಏನು ಉಳೀತು ಹೇಳ್ರಿ? ನಮ್ಮ ಮನ್ಯಾಗ ಸ್ನಾನ ಆದಮ್ಯಾಲ, ಮೈ ಇನ್ನೂ ಹಸಿ ಇದ್ದಾಗ್ಲೇ ಕೊಬ್ರಿಎಣ್ಣಿ ಸವರ್ತೀವಿ. ಥಂಡ್ಯಾಗ ಅದು ಗಡ್ಡಿ ಕಟ್ತದ, ಬಾಟ್ಲಿ ಬಿಸಿನೀರಾಗ ಇಡಬೇಕು.

ಬೆಂಗಳೂರಿನಿಂದ:
ಔಷಧದ ಅಂಗಡಿಯಲ್ಲಿ ಕೆಲಸ ನನ್ನದು. ಮೇಲಿನವರು ಹೇಳಿದ್ದು ಸರಿ, ಅದರಲ್ಲೂ ‘ಹಸಿ ಇದ್ದಾಗಲೇ’ ಅನ್ನುವ ಮಾತು. ಒರೆಸಿಕೊಂಡು ಎರಡು ಮೂರು ನಿಮಿಷದೊಳಗೆ ಹಚ್ಚಿದರೆ ಚರ್ಮದ ನೀರು ಒಳಗೇ ಉಳಿಯುತ್ತದೆ. ರಾತ್ರಿ ಒಣಗಿದ ಮೈಗೆ ಹಚ್ಚುವ ಲೋಷನ್‌ಗೆ ಹಿಡಿದಿಡಲು ನೀರೇ ಇರುವುದಿಲ್ಲ. ಮಾಮೂಲಿ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು. ಟಿಎಫ್ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, ಶೇಕಡ 76 ದಾಟಿದರೆ ಒಂದನೇ ದರ್ಜೆಯ ಸೋಪು ನಿಜ, ಆದರೂ ಅದು ಕ್ಷಾರವೇ. ಸಾಬೂನಿಲ್ಲದ ಕ್ಲೆನ್ಸರ್ ವಾಸಿ. ಹಿಮ್ಮಡಿಗೆ 10ರಿಂದ 20 ಶೇಕಡ ಯೂರಿಯಾ ಇರುವ ಕ್ರೀಮ್ ಕೇಳಿ, ಆದರೆ ರಕ್ತ ಬರುವ ಬಿರುಕಿಗೆ ಅದನ್ನು ಹಚ್ಚಿದರೆ ಉರಿಯುತ್ತದೆ. ಮೈಕೈಗೆ ಅಗ್ಗದ ಪೆಟ್ರೋಲಿಯಂ ಜೆಲ್ಲಿಯೇ ಸಾಕು, ದುಬಾರಿ ಡಬ್ಬಿಯಲ್ಲಿ ನೀವು ಹೆಚ್ಚಾಗಿ ಕೊಡುವುದು ಪರಿಮಳಕ್ಕೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನವೆಗೆಂದು ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಟ್ಯೂಬನ್ನು ಕೇಳಿ ಹಚ್ಚಿಕೊಳ್ಳಬೇಡಿ. ಎರಡು ದಿನ ಹಿತ ಅನಿಸುತ್ತದೆ, ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ.

ಶಿರಸಿಯಿಂದ:
ಮುರುಗಲ (ಕೋಕಂ) ತುಪ್ಪ ಸಿಕ್ಕರೆ ತರಿಸಿಕೊಳ್ಳಿ. ಮುರುಗಲ ಬೀಜ ಕುಟ್ಟಿ ಕುದಿಸಿ ತೆಗೆಯುವುದು, ಬಿಳಿ ಗಟ್ಟಿ ಉಂಡೆ. ಚಮಚದಲ್ಲಿ ಕರಗಿಸಿ, ಆರಿದ ಮೇಲೆ ಬಿರುಕಿಗೆ ತುಂಬಿ, ಹತ್ತಿಯ ಸಾಕ್ಸ್ ಹಾಕಿ ಮಲಗಿ. ತುಟಿಗೂ ಆಗುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗ್ಲಿಸರಿನ್‌ಗೆ ನಿಂಬೆರಸ ಬೆರೆಸಿ ಹಚ್ಚು ಅಂತಾರೆ ಪಕ್ಕದ ಮನೆಯವರು. ಮಾಡಬಹುದಾ?

ಬೆಂಗಳೂರಿನಿಂದ:
ನಿಂಬೆ ಬೇಡ, ಒಡೆದ ಚರ್ಮಕ್ಕೆ ಹುಳಿ ಬಿದ್ದರೆ ಉರಿ ತಪ್ಪಿದ್ದಲ್ಲ. ಗ್ಲಿಸರಿನ್ ಒಳ್ಳೆಯದೇ, ನೀರು ಬೆರೆಸಿ ಹಚ್ಚಿ, ಮೇಲೊಂದು ಪದರ ಜೆಲ್ಲಿ ಸವರಿ. ಒಣಹವೆಯಲ್ಲಿ ಬರೀ ಗ್ಲಿಸರಿನ್ ಚರ್ಮದೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ.

ಟೊರಾಂಟೊದಿಂದ:
ರೂಮ್ ಹೀಟರ್ ಇಟ್ಟಿದ್ದೀರಾ? ಇಲ್ಲಿ ಚಳಿಗಾಲವಿಡೀ ಹೀಟಿಂಗ್ ಓಡುವುದರಿಂದ ಮನೆಯೊಳಗೇ ಮೈ ಒಣಗುತ್ತದೆ. ಹ್ಯೂಮಿಡಿಫೈಯರ್ ಇಟ್ಟು ಆರ್ದ್ರತೆ 30ರಿಂದ 50 ಶೇಕಡದೊಳಗೆ ನೋಡಿಕೊಳ್ಳುತ್ತೇವೆ. ಅದನ್ನು ದಿನಾ ತೊಳೆಯದಿದ್ದರೆ ಒಳಗೆ ಬೂಸ್ಟು ಕಟ್ಟುತ್ತದೆ, ನನಗೆ ಆ ಕೆಲಸವೇ ಬೇಸರ. ಉಣ್ಣೆಯ ಸ್ವೆಟರ್ ಒಳಗೆ ಹತ್ತಿ ಬಟ್ಟೆ ಹಾಕಿಕೊಳ್ಳಿ, ಅರ್ಧ ನವೆ ಅಲ್ಲೇ ಹೋಗುತ್ತದೆ.

ದಾವಣಗೆರೆಯಿಂದ:
ನನ್ನ ತಂದೆಗೆ ಸಕ್ಕರೆ ಕಾಯಿಲೆ, ಆದ್ದರಿಂದ ಒಂದು ಮಾತು. ಮನೆಯಲ್ಲಿ ಶುಗರ್ ಇರುವವರಿದ್ದರೆ ಹಿಮ್ಮಡಿಯನ್ನು ಬ್ಲೇಡು, ಕಲ್ಲಿನಿಂದ ಕೆರೆಯಲು ಬಿಡಬೇಡಿ. ಕಾಲ್ಬೆರಳ ಸಂದಿಗೆ ಕ್ರೀಮ್ ಹಚ್ಚಬಾರದು, ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ. ಬಿರುಕಿನಲ್ಲಿ ಕೆಂಪು, ಬಾವು, ಕೀವು ಕಂಡರೆ ಕಾಯದೆ ಡಾಕ್ಟರಿಗೆ ತೋರಿಸಿ. ಏನೇ ಹಚ್ಚಿದರೂ ಒಣಗುವುದು ನಿಲ್ಲದೆ ಸುಸ್ತೂ, ತೂಕವೂ ಏರಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.