ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಪ್ರಾಗ್‌ನಲ್ಲಿ ಮೂರು ದಿನ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಮ್ಯೂನಿಕ್‌ನ ನಮ್ಮ ಮನೆಗೆ ಬಂದಿದ್ದಾರೆ. ಮುಂದಿನ ವಾರ ಅವರನ್ನು ಪ್ರಾಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಕಷ್ಟ. 22ನೇ ನಂಬರ್ ಟ್ರಾಮ್ ಹಿಡಿದರೆ ಕೋಟೆಗೆ ಹತ್ತುವುದು ತಪ್ಪುತ್ತದೆ, ಅಲ್ವಾ? ಆಮೇಲೆ ಚಾರ್ಲ್ಸ್ ಸೇತುವೆಗೆ ಹೇಗೆ ಬರುವುದು? ಕೋಟೆ ಕಡೆಯಿಂದ ಕೆಳಗಿಳಿಯುವ ನೆರುದೋವಾ ಬೀದಿ ಇಳಿಜಾರು, ಸಾಲದ್ದಕ್ಕೆ ಕಲ್ಲು ಹಾಸಿದ ದಾರಿ. ಅಮ್ಮ ಚಪ್ಪಲಿ ಬಿಟ್ಟು ಶೂ ಹಾಕುವುದಿಲ್ಲ. ಟ್ರಾಮ್‌ನಲ್ಲೇ ಕೆಳಗೆ ಬರುವುದು ವಾಸಿಯಾ?

ಅಪ್ಪ ವಾಚ್ ರಿಪೇರಿ ಮಾಡಿಯೇ ನಮ್ಮನ್ನು ಓದಿಸಿದವರು. ಹಳೇ ಪೇಟೆಯ ಚೌಕದ 1410ರ ಗಡಿಯಾರವನ್ನು ಅವರು ಹತ್ತಿರದಿಂದ, ನಿಧಾನವಾಗಿ ನೋಡಬೇಕು. ಗಂಟೆಗೊಮ್ಮೆ ಗೊಂಬೆಗಳು ಬರುವಾಗ ಜನ ಕಿಕ್ಕಿರಿಯುತ್ತಾರಂತೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದರೆ ಆರಾಮ? ಹತ್ತಿರದಲ್ಲಿ ಮೊಟ್ಟೆಯೂ ಇಲ್ಲದ ಊಟ ಸಿಗುವ ಜಾಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ.